ಕಲ್ಚರ್ ಬದಲಾಯಿಸಿಕೊಡೋ ಸರ್ವೀಸ್ ತಗೊಂಡ್ವಿ: ರಿಪೋರ್ಟ್ ಸೂಪರ್, ವರ್ಕ್‌ಶಾಪ್ ಬೇಡ

ಮೊದ್ಲೇ ಹೇಳ್ಬಿಡ್ತೀನಿ, ಕಂಪನಿ ಕಲ್ಚರ್, ಅಂದ್ರೆ ಒಳಗಿನವ್ರು ಕೆಲಸ ಮಾಡೋ ರೀತಿ, ಬದಲಾಯಿಸಿಕೊಡ್ತೀವಿ ಅನ್ನೋ ಈ ಸರ್ವೀಸ್ ಪೂರ್ತಿ ವೇಸ್ಟ್ ಅಲ್ಲ, ಆದ್ರೆ ಪೂರ್ತಿ ಪ್ಯಾಕೇಜ್ ಮಾತ್ರ ತಗೋಬೇಡಿ. ಐದಕ್ಕೆ ಮೂರು ಸ್ಟಾರ್, ಅದ್ರಲ್ಲಿ ಎರಡೂವರೆ ಬರೀ ಮೊದಲ ಹಂತಕ್ಕೆ. ಕನ್ಸಲ್ಟಿಂಗ್ ಕಂಪನಿ ಹೆಸರು ಹಾಕಲ್ಲ, ಯಾಕಂದ್ರೆ ಇದು ಇವ್ರೊಬ್ರ ಕಥೆ ಅಲ್ಲ, ಈ ಫೀಲ್ಡಲ್ಲಿ ಹೆಚ್ಚುಕಮ್ಮಿ ಎಲ್ರೂ ಇದೇ ಕಟ್ಟು ಮಾರೋದು. ಇಂಟರ್‌ವ್ಯೂ, ಸರ್ವೆ, ದೊಡ್ಡೋರಿಗೆ ಒಂದು ಆಫ್‌ಸೈಟ್ (ಆಫೀಸಿನ ಆಚೆ ನಡೆಯೋ ಮೀಟಿಂಗ್), ಉಳಿದೋರಿಗೆಲ್ಲ ವರ್ಕ್‌ಶಾಪ್, ಆಮೇಲೆ ‘ಕಲ್ಚರ್ ಚಾಂಪಿಯನ್’ ಅಂತ ಕೆಲವ್ರನ್ನ ಆರಿಸೋದು, ಕೊನೇಗೆ ಫೋನಲ್ಲಿ ಒಂದು ಆ್ಯಪ್.

ನಮ್ದು ಮೆಷೀನ್ ಪಾರ್ಟ್ಸ್ ಮಾಡೋ ಮಧ್ಯಮ ಸೈಜಿನ ಕಂಪನಿ. ಇನ್ನೊಂದು ಸಣ್ಣ ಕಂಪನೀನ ಕೊಂಡ್ಕೊಂಡ ಮೇಲೆ ಎರಡು ಕಡೆಯವ್ರಿಗೂ ಹೊಂದ್ಕೊಳ್ತಿಲ್ಲ, ಡೆಲಿವರಿ ಲೇಟ್ ಆಗ್ತಿದೆ, ಕೇಳಿದ್ರೆ ಒಬ್ರು ಇನ್ನೊಬ್ರ ಕಡೆ ಕೈ ತೋರಿಸ್ತಾರೆ, ಇದು ‘ಕಲ್ಚರ್ ಪ್ರಾಬ್ಲಂ’ ಅಂತ ಮ್ಯಾನೇಜ್‌ಮೆಂಟ್ ತೀರ್ಮಾನ ಮಾಡಿ ಇವರನ್ನ ಕರೆಸ್ತು. ನಾನು ಪ್ಲಾನಿಂಗಲ್ಲಿ ಕೂರೋನು, ಎಲ್ಲಾ ಪ್ರಾಜೆಕ್ಟಿನ ಸ್ಟೇಟಸ್ ರಿಪೋರ್ಟೂ ನನ್ನ ಮೇಜಿನ ಮೇಲಿಂದಾನೇ ಹೋಗ್ಬೇಕು. ಅದಕ್ಕೇ ಮೊದಲು ಹೇಗಿತ್ತು ಆಮೇಲೆ ಹೇಗಾಯ್ತು ಅನ್ನೋದು ನಂಗೆ ಸ್ವಲ್ಪ ಜಾಸ್ತೀನೇ ಕಾಣ್ಸುತ್ತೆ.

ಮೊದಲ ಹಂತ ನಿಜಕ್ಕೂ ಚೆನ್ನಾಗಿತ್ತು. ಬಂದವರು ಬರೀ ಪ್ರಶ್ನೆಪತ್ರಿಕೆ ಹಂಚಿ ಹೋಗ್ಲಿಲ್ಲ, ನಮ್ಮ ರಿವ್ಯೂ ಮೀಟಿಂಗಲ್ಲಿ ಸುಮ್ನೆ ಮೂಲೇಲಿ ಕೂತು ನೋಡಿದ್ರು, ಶಿಫ್ಟ್ ಬದಲಾಗೋ ಹೊತ್ತಲ್ಲಿ ಶಾಪ್‌ಫ್ಲೋರಲ್ಲಿ ನಿಂತ್ರು, ಯಾರು ಯಾರಿಗೆ ಫೋನ್ ಮಾಡ್ತಾರೆ, ಮೇಲ್‌ನಲ್ಲಿ ಯಾರನ್ನ ಸಿಸಿ ಇಡ್ತಾರೆ, ಹೋದ ಸಲ ಪ್ರಮೋಷನ್ ಯಾರಿಗಾಯ್ತು, ಯಾರಿಗೆ ತಪ್ಪಿಹೋಯ್ತು, ಎಲ್ಲಾ ಕೇಳಿದ್ರು. ಎಡ್ಗರ್ ಶೈನ್ ಅಂತ ಎಂಐಟಿ ಪ್ರೊಫೆಸರ್ ಇದ್ರಲ್ಲ, ಅವ್ರು ಸಂಸ್ಥೆಯ ಕಲ್ಚರಿಗೆ ಮೂರು ಪದರ ಇದೆ ಅಂದಿದ್ರು. ಮೇಲ್ಗಡೆ ಕಣ್ಣಿಗೆ ಕಾಣೋದು, ಅಂದ್ರೆ ಆಫೀಸು, ಡ್ರೆಸ್ಸು, ಮೀಟಿಂಗ್ ನಡೆಯೋ ರೀತಿ. ಅದರ ಕೆಳಗೆ ‘ನಮ್ಮ ಮೌಲ್ಯ ಇದು’ ಅಂತ ನಾವು ಬಾಯಲ್ಲಿ ಹೇಳೋದು. ಎಲ್ಲಕ್ಕಿಂತ ಕೆಳಗೆ ಯಾರೂ ಹೇಳದೇ ಇರೋ, ಆದ್ರೆ ಎಲ್ರೂ ನಂಬ್ಕೊಂಡಿರೋ ವಿಷಯ. ನಿಜವಾದ ಆಟ ನಡೆಯೋದು ಆ ಮೂರನೇ ಪದರದಲ್ಲಿ. ಈ ತಂಡ ಅಲ್ಲಿಗೇ ಇಳೀತು.

ರಿಪೋರ್ಟಲ್ಲಿ ಅವರು ಬರೆದಿದ್ದು ಓದಿ ಮೀಟಿಂಗ್ ರೂಮಲ್ಲಿ ಒಂದ್ನಿಮಿಷ ಯಾರೂ ಉಸಿರೆತ್ತಲಿಲ್ಲ. ಲೇಟ್ ಆಗುತ್ತೆ ಅನ್ನೋದು ಶಾಪ್‌ಫ್ಲೋರಲ್ಲಿ ಎಷ್ಟೋ ವಾರ ಮುಂಚೇನೇ ಗೊತ್ತಿರುತ್ತೆ, ಆದ್ರೆ ಸ್ಟೇಟಸ್ ರಿಪೋರ್ಟಲ್ಲಿ ಕೊನೇವರೆಗೂ ಗ್ರೀನ್, ಅಂದ್ರೆ ಎಲ್ಲಾ ಸರಿ ಅಂತ್ಲೇ ಇರುತ್ತೆ, ಡೆಲಿವರಿ ಹತ್ರ ಬಂದಾಗ ದಿಢೀರ್ ಅಂತ ರೆಡ್, ಅಂದ್ರೆ ತೊಂದ್ರೆ. ಕಾರಣ ಸೋಮಾರಿತನ ಅಲ್ಲ, ಸುಳ್ಳು ಹೇಳೋ ಚಟಾನೂ ಅಲ್ಲ. ನಮ್ಮಲ್ಲಿ ಮೊದ್ಲು ಬಾಯಿ ಬಿಟ್ಟೋನ ತಲೆಗೇ ಕಟ್ತಾರೆ ಅನ್ನೋ ನಂಬಿಕೆ. ‘ವೆಂಡರ್ ಕೈ ಕೊಟ್ಟ’ ಅಂತ ಹೇಳಿದವನೇ ಆಮೇಲೆ ಆ ವೆಂಡರ್ ಹಿಂದೆ ಓಡಾಡ್ಬೇಕು, ವಾರಾವಾರ ನಿಂತು ವಿವರಣೆ ಕೊಡ್ಬೇಕು, ವರ್ಷದ ಕೊನೇಲಿ ಅಪ್ರೈಸಲಲ್ಲಿ ಅವನ ಹೆಸರೇ ನೆನಪಾಗುತ್ತೆ. ಅಂದ್ಮೇಲೆ ಯಾರು ಹೇಳ್ತಾರೆ ಹೇಳಿ? ಕೊಂಡ್ಕೊಂಡ ಸಣ್ಣ ಕಂಪನಿಯವ್ರು ಮೊದಮೊದಲು ಬಾಯಿಬಿಟ್ಟು ಹೇಳ್ತಿದ್ರಂತೆ, ನಮ್ಮನ್ನ ನೋಡಿ ಕಲಿತು ಅವ್ರೂ ಸುಮ್ನಾದ್ರು. ಇದನ್ನ ಓದೋಕೆ ಕಷ್ಟ ಆಯ್ತು, ಆದ್ರೆ ದುಡ್ಡು ಕೊಟ್ಟಿದ್ದು ಇದಕ್ಕೇ.

ಸರ್ವೆ ಪರ್ವಾಗಿಲ್ಲ. ಕ್ಯಾಮರಾನ್ ಮತ್ತು ಕ್ವಿನ್ ಅನ್ನೋ ಇಬ್ರು ಮಾಡಿರೋ ಮಾದರಿ, ಆರು ವಿಷಯ, ಒಂದೊಂದರಲ್ಲೂ ನಾಲ್ಕು ಹೇಳಿಕೆ, ನಿಮ್ಮ ಹತ್ರ ಇರೋ 100 ಪಾಯಿಂಟನ್ನ ಆ ನಾಲ್ಕಕ್ಕೂ ಹಂಚ್ಬೇಕು, ಒಂದ್ಸಲ ‘ಈಗ ಹೇಗಿದೆ’ ಅಂತ, ಇನ್ನೊಂದ್ಸಲ ‘ಹೇಗಿರ್ಬೇಕು’ ಅಂತ. ಕುಟುಂಬದ ಥರ ಇರೋದು, ಹೊಸತನಕ್ಕೆ ನುಗ್ಗೋದು, ಟಾರ್ಗೆಟ್ ಹಿಂದೆ ಓಡೋದು, ರೂಲ್ಸು ಶ್ರೇಣಿ ಅಂತ ನಡೆಯೋದು, ಈ ನಾಲ್ಕರಲ್ಲಿ ನೀವು ಎಲ್ಲಿದೀರಿ ಅಂತ ಒಂದು ಚಿತ್ರ ಸಿಗುತ್ತೆ. 100ನ್ನೇ ಹಂಚ್ಬೇಕಾಗಿರೋದ್ರಿಂದ ಎಲ್ಲದಕ್ಕೂ ‘ತುಂಬಾ ಚೆನ್ನಾಗಿದೆ’ ಅಂತ ಟಿಕ್ ಹಾಕಿ ತಪ್ಪಿಸ್ಕೊಳ್ಳೋಕಾಗಲ್ಲ, ಅದು ನಂಗಿಷ್ಟ ಆಯ್ತು. ಆದ್ರೆ ಇವ್ರು ಇಡೀ ಕಂಪನಿಗೆ ಸೇರಿಸಿ ಒಂದೇ ಸರಾಸರಿ ತೆಗೆದು ತೋರಿಸಿದ್ರು. ಎರಡು ಕಂಪನಿ ಸೇರಿರೋ ಕಡೆ ಸರಾಸರಿ ತೆಗೆದ್ರೆ ಎರಡರಲ್ಲಿ ಯಾವುದೂ ಅಲ್ಲದ ಮೂರನೇ ಕಂಪನಿ ಕಾಣುತ್ತೆ, ಅಂಥದ್ದು ಭೂಮಿ ಮೇಲೇ ಇಲ್ಲ. ಬೇರೆಬೇರೆ ಕೊಡಿ ಅಂತ ಕೇಳಿದ್ಮೇಲೆ ಕೊಟ್ರು. ಇನ್ನೊಂದು, ಹೆಸರು ಬರಲ್ಲ ಅಂತಾರೆ, ಆದ್ರೆ ನಾಲ್ಕೇ ಜನ ಇರೋ ಟೀಮಿನ ರಿಸಲ್ಟ್ ಬೇರೆ ತೋರಿಸಿದ್ರೆ ಯಾರು ಏನು ಬರೆದ್ರು ಅಂತ ಎಳೆ ಮಗೂಗೂ ಗೊತ್ತಾಗುತ್ತೆ. ಎಷ್ಟು ಜನಕ್ಕಿಂತ ಕಡಿಮೆ ಇದ್ರೆ ಬೇರೆ ತೋರಿಸಲ್ಲ ಅನ್ನೋದನ್ನ ಮೊದ್ಲೇ ಬರೆಸ್ಕೊಳಿ.

ಇಲ್ಲಿಗೆ ನಿಲ್ಲಿಸಿದ್ರೆ ನಾಲ್ಕೂವರೆ ಸ್ಟಾರ್ ಕೊಡ್ತಿದ್ದೆ.

ಆಫ್‌ಸೈಟಲ್ಲಿ ಬೇರೆ ಟೀಮ್ ಬಂತು, ಮಾತಾಡೋ ಟೀಮು. ಮೊದಲ ಸ್ಲೈಡೇ ‘ಕಲ್ಚರ್ ಸ್ಟ್ರಾಟಜೀನ ಬೆಳಗಿನ ತಿಂಡಿಗೆ ತಿಂದ್ಹಾಕುತ್ತೆ’ ಅನ್ನೋದು, ಕೆಳಗೆ ಮ್ಯಾನೇಜ್‌ಮೆಂಟ್ ಪುಸ್ತಕಗಳ ಲೇಖಕ ಪೀಟರ್ ಡ್ರಕರ್ ಹೆಸರು. ಡ್ರಕರ್ ಬರೆದಿರೋದ್ರಲ್ಲಿ ಈ ಮಾತು ಹುಡುಕಿದವರಿಗೆ ಸಿಕ್ಕಿಲ್ಲ, ಆದ್ರೂ ಪ್ರತಿ ಸ್ಲೈಡಲ್ಲೂ ಅವರ ಹೆಸರೇ. ಎರಡನೇ ಸ್ಲೈಡು ‘ಬದಲಾವಣೆಯ 70% ಪ್ರಯತ್ನಗಳು ಸೋಲ್ತವೆ’. ಇದರ ಬೇರು ಹುಡುಕ್ತಾ ಹೋದ್ರೆ 1993ರಲ್ಲಿ ಹ್ಯಾಮರ್ ಮತ್ತು ಚಾಂಪಿ ಅನ್ನೋ ಇಬ್ರು ಲೇಖಕರು ರೀಎಂಜಿನಿಯರಿಂಗ್, ಅಂದ್ರೆ ಕಂಪನಿಯ ಕೆಲಸದ ಕ್ರಮಾನ ಬುಡದಿಂದ ಬದಲಾಯಿಸೋದ್ರ ಬಗ್ಗೆ ಬರೀತಾ, ಇದು ವೈಜ್ಞಾನಿಕ ಅಲ್ಲ ನಮ್ಮ ಅಂದಾಜು ಅಷ್ಟೇ ಅಂತ ಹೇಳೇ ಕೊಟ್ಟ 50ರಿಂದ 70% ಅನ್ನೋ ನಂಬರ್ ಸಿಗುತ್ತೆ. 2011ರಲ್ಲಿ ಮಾರ್ಕ್ ಹ್ಯೂಸ್ ಅನ್ನೋ ಸಂಶೋಧಕರು ಈ 70% ಎಲ್ಲೆಲ್ಲಿ ಬಂದಿದೆ ಅಂತ ಪಟ್ಟಿ ಮಾಡಿ ಒಂದೊಂದನ್ನೇ ಕೆದಕಿ ನೋಡಿ ಗಟ್ಟಿ ಆಧಾರ ಎಲ್ಲೂ ಇಲ್ಲ ಅಂದ್ರು. ನಮಗೆ ಸುಳ್ಳು ರಿಪೋರ್ಟ್ ಬರೀಬೇಡಿ ಅಂತ ಪಾಠ ಮಾಡೋಕೆ ಬಂದವರ ಸ್ಲೈಡೇ ಹೀಗಿದ್ರೆ ಹೇಗೆ ಮಾರಾಯ್ರೆ.

ಆಮೇಲೆ ವರ್ಕ್‌ಶಾಪು, ಖರ್ಚಿನ ದೊಡ್ಡ ಪಾಲು ಇಲ್ಲೇ ಹೋಗಿದ್ದು. ಕಣ್ಣಿಗೆ ಬಟ್ಟೆ ಕಟ್ಕೊಂಡು ಒಬ್ರನ್ನೊಬ್ರು ನಡೆಸೋ ಆಟ, ಬಣ್ಣದ ಚೀಟಿ ಗೋಡೆಗೆ ಅಂಟಿಸೋದು, ಕೊನೇಗೆ ಎಲ್ರೂ ಸೇರಿ ಐದು ಮೌಲ್ಯ ಆರಿಸೋದು. ಆ ಐದರಲ್ಲಿ ಒಂದು ‘ಪಾರದರ್ಶಕತೆ’. ಚೆನ್ನಾಗಿ ಪ್ರಿಂಟ್ ಹಾಕಿಸಿ ಲಿಫ್ಟ್ ಪಕ್ಕ ತಗುಲಿಹಾಕಿದ್ರು. ಎನ್ರಾನ್ ಕಂಪನಿ ಇತ್ತಲ್ಲ, 2001ರಲ್ಲಿ ಲೆಕ್ಕದ ಮೋಸ ಬಯಲಾಗಿ ದಿವಾಳಿ ಎದ್ದಿದ್ದು, ಅವ್ರಿಗೂ ನಾಲ್ಕು ಮೌಲ್ಯ ಇತ್ತು: ಗೌರವ, ಪ್ರಾಮಾಣಿಕತೆ, ಸಂವಹನ, ಶ್ರೇಷ್ಠತೆ. ಹೇಳೋದು ಪುರಾಣ ತಿನ್ನೋದು ಬದನೆಕಾಯಿ ಅಂತ ಹಿರಿಯರು ಸುಮ್ನೆ ಹೇಳಿದ್ದಲ್ಲ. ಜನ ಗೋಡೆ ನೋಡಿ ಕಲಿಯಲ್ಲ, ಯಾರಿಗೆ ಪ್ರಮೋಷನ್ ಆಯ್ತು, ಯಾರಿಗೆ ಬೈಗುಳ ಬಿತ್ತು ಅಂತ ನೋಡಿ ಕಲೀತಾರೆ. ನಡೆಸಿದ ಹುಡುಗಿ ಮಾತ್ರ ಪಾಪ ತುಂಬಾ ಚೆನ್ನಾಗಿ ನಡೆಸಿದ್ಲು, ತಪ್ಪು ಅವಳದ್ದಲ್ಲ.

ಚಾಂಪಿಯನ್‌ಗಳ ಬಗ್ಗೆ ಜಾಸ್ತಿ ಹೇಳೋಕೇನಿಲ್ಲ. ಎಚ್‌ಆರ್ ಆರಿಸಿದ್ದು ಚೆನ್ನಾಗಿ ಮಾತಾಡೋರನ್ನ, ಕೆಲಸದಲ್ಲಿ ಜನ ಮಾತು ಕೇಳೋದು ಬೇರೆಯವ್ರದ್ದು. ಆದ್ರೆ ಮಧ್ಯದ ಮ್ಯಾನೇಜರುಗಳ ವಿಷಯ ಹೇಳ್ಲೇಬೇಕು, ಯಾಕಂದ್ರೆ ‘ಮಿಡ್ಲ್ ಮ್ಯಾನೇಜ್‌ಮೆಂಟ್ ವಿರೋಧ ಮಾಡ್ತಿದೆ’ ಅಂತ ಪ್ರೋಗ್ರೆಸ್ ರಿಪೋರ್ಟಲ್ಲಿ ಅವರ ಮೇಲೇ ಎತ್ತಿಹಾಕಿದ್ರು. ವಿರೋಧ ಅಲ್ಲ ಸ್ವಾಮಿ ಅದು, ಲೆಕ್ಕಾಚಾರ. ಮೇಲಿನವ್ರು ‘ಮುಕ್ತವಾಗಿ ಹೇಳಿ’ ಅಂತಾರೆ, ಅದೇ ಬಾಯಲ್ಲಿ ತಿಂಗಳ ಟಾರ್ಗೆಟ್ ಒಂದು ಪೀಸೂ ಕಮ್ಮಿ ಮಾಡಲ್ಲ. ಕೆಳಗಿನವರು ಹೇಳಿದ್ದನ್ನ ಮೇಲಕ್ಕೆ ದಾಟಿಸಿದ್ರೆ ಪೆಟ್ಟು ಬೀಳೋದು ನಡುವೆ ಇರೋನಿಗೇ.

ಕೆಲಸ ಮಾಡಿದ್ದು ಒಂದೇ ಒಂದು ವಿಷಯ, ಅದು ಪ್ಯಾಕೇಜಲ್ಲಿ ಇರ್ಲೇ ಇಲ್ಲ. ಮೊದಲ ಹಂತದ ಟೀಮಲ್ಲಿದ್ದ ಒಬ್ರು ಹೋಗೋ ಮುಂಚೆ ನಮ್ಮ ಆಪರೇಷನ್ಸ್ ಹೆಡ್‌ಗೆ ‘ನಮ್ಮಿ’ (NUMMI) ಅನ್ನೋ ಕಾರ್ ಫ್ಯಾಕ್ಟರಿ ಬಗ್ಗೆ ಹೇಳಿಹೋಗಿದ್ರು. ಅದು ಮೊದ್ಲು ಅಮೆರಿಕದ ಕ್ಯಾಲಿಫೋರ್ನಿಯಾದ ಫ್ರೀಮಾಂಟಲ್ಲಿ ಇದ್ದ ಜನರಲ್ ಮೋಟರ್ಸ್ (ಜಿಎಂ) ಫ್ಯಾಕ್ಟರಿ. ಜನ ಕೆಲಸಕ್ಕೇ ಬರ್ತಿರ್ಲಿಲ್ಲ, ಗೈರುಹಾಜರಿ 20% ಹತ್ರ, ಮ್ಯಾನೇಜ್‌ಮೆಂಟಿಗೂ ಯೂನಿಯನ್‌ಗೂ ಎಣ್ಣೆ ಸೀಗೆಕಾಯಿ, 1982ರಲ್ಲಿ ಬೀಗ ಹಾಕಿದ್ರು. 1984ರಲ್ಲಿ ಟೊಯೋಟಾ ಜೊತೆ ಸೇರಿ ನಮ್ಮಿ ಅನ್ನೋ ಹೆಸರಲ್ಲಿ ಮತ್ತೆ ತೆರೆದ್ರು, ಅದೇ ಯೂನಿಯನ್, ಕೆಲಸಗಾರರಲ್ಲಿ ಬಹುಪಾಲು ಅದೇ ಹಳೇ ಜನ. ಗೈರುಹಾಜರಿ 2%ಗೆ ಇಳೀತು, ಕ್ವಾಲಿಟಿ ಜಿಎಂನ ಬೇರೆ ಪ್ಲಾಂಟುಗಳನ್ನ ನಾಚಿಸೋ ಹಾಗಾಯ್ತು.

ಏನು ಮಾಡಿದ್ರು ಅಂದ್ರೆ, ಅಲ್ಲಿದ್ದ ಜಾನ್ ಶುಕ್ 2010ರಲ್ಲಿ ಬರೆದಿರೋ ಪ್ರಕಾರ, ಜನರ ಯೋಚನೆ ಬದಲಾಯಿಸೋಕೆ ಹೋಗ್ಲಿಲ್ಲ, ಮಾಡೋ ಕೆಲಸ ಬದಲಾಯಿಸಿದ್ರು, ಯೋಚನೆ ಹಿಂದೇನೇ ಬಂತು. ಲೈನ್ ಪಕ್ಕ ಒಂದು ಹಗ್ಗ, ಆಂಡಾನ್ ಅಂತಾರೆ, ತೊಂದ್ರೆ ಕಂಡ್ರೆ ಯಾರು ಬೇಕಾದ್ರೂ ಎಳೀಬಹುದು, ಎಳೆದ್ರೆ ಟೀಮ್ ಲೀಡರ್ ಓಡಿ ಬರ್ತಾನೆ, ಬೈಯೋಕಲ್ಲ, ಸಹಾಯಕ್ಕೆ. ಅಷ್ಟರಲ್ಲಿ ಸರಿಹೋಗದಿದ್ರೆ ಲೈನೇ ನಿಲ್ಲುತ್ತೆ. ಹಳೇ ಜಿಎಂನಲ್ಲಿ ಲೈನ್ ನಿಲ್ಸೋದು ಅಂದ್ರೆ ಮಹಾ ಅಪರಾಧ. ಜೊತೆಗೆ ಕೆಲಸದಿಂದ ತೆಗೆಯೋದು ಕೊನೇ ದಾರಿ ಅಂತ ಒಪ್ಪಂದದಲ್ಲೇ ಬರೆದಿದ್ರು, 1988ರ ಸುಮಾರಿಗೆ ಬೇಡಿಕೆ ಬಿದ್ದಾಗ್ಲೂ ಯಾರನ್ನೂ ತೆಗೀದೆ ಟ್ರೈನಿಂಗಿಗೆ ಹಾಕಿದ್ರು. ಹಗ್ಗ ಎಲ್ರ ಕಣ್ಣಿಗೂ ಬೀಳುತ್ತೆ, ಈ ಎರಡನೇದನ್ನ ಯಾರೂ ನೋಡಲ್ಲ. ಅದಕ್ಕೇ ಇರ್ಬೇಕು, ಜಿಎಂನವ್ರೇ ಇದನ್ನ ತಮ್ಮ ಬೇರೆ ಪ್ಲಾಂಟುಗಳಿಗೆ ಹರಡೋಕೆ ವರ್ಷಗಟ್ಟಲೆ ಒದ್ದಾಡಿದ್ರು.

ನಮ್ಮ ಹೆಡ್ ಅದನ್ನ ಕೇಳಿ ರಿವ್ಯೂ ಮೀಟಿಂಗಿನ ಕ್ರಮ ಬದಲಾಯಿಸಿದ್ರು, ಅಷ್ಟೇ. ಗ್ರೀನ್ ಇರೋದನ್ನ ಓದೋದೇ ಬೇಡ, ರೆಡ್ ಇರೋದು ಮೊದಲು. ‘ಯಾರಿಂದ ಆಯ್ತು’ ಅಂತ ಆ ರೂಮಲ್ಲಿ ಕೇಳಂಗಿಲ್ಲ, ‘ಏನು ಬೇಕು’ ಅಂತ ಕೇಳ್ಬೇಕು. ತೊಂದ್ರೆ ತಂದವನಿಗೆ ಅದನ್ನ ಅಂಟಿಸಂಗಿಲ್ಲ, ಮೀಟಿಂಗ್ ಮುಗಿಯೋದ್ರೊಳಗೆ ಬೇರೆಯವ್ರು ಯಾರಾದ್ರೂ ವಹಿಸ್ಕೊಬೇಕು. ಮೊದಮೊದಲು ಯಾರೂ ನಂಬ್ಲಿಲ್ಲ, ಒಬ್ರ ಮುಖ ಒಬ್ರು ನೋಡ್ಕೊಂಡು ಕೂತಿರ್ತಿದ್ರು. ಆಮೇಲೆ ಕೊಂಡ್ಕೊಂಡ ಕಂಪನಿಯ ಹಳೇ ಸೂಪರ್‌ವೈಸರ್ ಒಬ್ರು ಒಂದು ಡೈ (ಪಾರ್ಟ್ ಮಾಡೋ ಅಚ್ಚು) ಬಿರುಕು ಬಿಟ್ಟಿದೆ ಅಂತ ಹೇಳಿದ್ರು, ಹೆಡ್ ಥ್ಯಾಂಕ್ಸ್ ಹೇಳಿ ಟೂಲ್‌ರೂಮ್ ಮ್ಯಾನೇಜರ್ ಕಡೆ ತಿರುಗಿದ್ರು, ಯಾರಿಗೂ ಏನೂ ಆಗ್ಲಿಲ್ಲ. ಅಲ್ಲಿಂದ ನನ್ನ ಮೇಜಿಗೆ ರೆಡ್ ರಿಪೋರ್ಟ್ ಬರೋಕೆ ಶುರುವಾಯ್ತು. ಕನ್ಸಲ್ಟೆಂಟ್ ಡ್ಯಾಶ್‌ಬೋರ್ಡಲ್ಲಿ ಇದು ‘ಸ್ಟೇಟಸ್ ಕುಸಿತ’ ಅಂತ ಕಾಣಿಸ್ತು, ನಗಬೇಕೋ ಅಳಬೇಕೋ ಗೊತ್ತಾಗ್ಲಿಲ್ಲ.

ಹಾಗಂತ ಎಲ್ಲಾ ಸರಿಹೋಯ್ತು ಅಂತಲ್ಲ. ಅಪ್ರೈಸಲ್ ಫಾರ್ಮ್ ಇನ್ನೂ ಹಳೇದೇ. ಆನ್‌ಟೈಮ್ ಪರ್ಸೆಂಟೇಜ್ ಮೇಲೆ ಒಬ್ಬೊಬ್ರಿಗೂ ರ‍್ಯಾಂಕ್, ಅದರ ಮೇಲೆ ಬೋನಸ್. ಮೀಟಿಂಗಲ್ಲಿ ನಿಜ ಹೇಳಿದವನು ಮಾರ್ಚಲ್ಲಿ ಅದರ ಬೆಲೆ ಕೊಡ್ತಾನೆ ಅಂದ್ರೆ ಎಷ್ಟು ದಿನ ಹೇಳ್ತಾನೆ? ಮೈಕ್ರೋಸಾಫ್ಟ್ ಉದ್ಯೋಗಿಗಳನ್ನ ಒಬ್ರ ಎದುರು ಒಬ್ರನ್ನ ನಿಲ್ಲಿಸಿ ರ‍್ಯಾಂಕ್ ಕೊಡೋ ಪದ್ಧತೀನ 2013ರ ನವೆಂಬರಲ್ಲಿ ಕೈಬಿಡ್ತು, ಸತ್ಯ ನಾದೆಲ್ಲಾ ಸಿಇಓ ಆಗಿದ್ದು 2014ರ ಫೆಬ್ರವರಿ. ಕಲ್ಚರ್ ಬದಲಾದ ಕಥೇಲಿ ಎಲ್ರೂ ನಾದೆಲ್ಲಾ ಭಾಷಣ ನೆನಪಿಸ್ಕೊಳ್ತಾರೆ, ಅದಕ್ಕೂ ಮುಂಚೆ ಈ ಕಲ್ಲು ದಾರಿಯಿಂದ ಎತ್ತಿಟ್ಟಿದ್ದನ್ನ ಮರೀತಾರೆ. ಉಲ್ಟಾ ಉದಾಹರಣೆ ವೆಲ್ಸ್ ಫಾರ್ಗೊ ಬ್ಯಾಂಕ್. ನೀತಿ ನಿಯಮ ಎಲ್ಲಾ ಬರೆದಿಟ್ಕೊಂಡಿದ್ರು, ಆದ್ರೆ ಒಬ್ಬೊಬ್ಬ ಗ್ರಾಹಕನಿಗೂ ಎಂಟು ಪ್ರಾಡಕ್ಟ್ ಮಾರ್ಬೇಕು ಅನ್ನೋ ಒತ್ತಡ. ಜನ ಗ್ರಾಹಕರಿಗೆ ಗೊತ್ತಿಲ್ಲದಂಗೆ ಅಕೌಂಟ್ ತೆಗೆದ್ರು, 2016ರಲ್ಲಿ 18.5 ಕೋಟಿ ಡಾಲರ್ ದಂಡ ಬಿತ್ತು, ಸುಮಾರು 5,300 ಉದ್ಯೋಗಿಗಳು ಕೆಲಸ ಕಳ್ಕೊಂಡ್ರು. ಟಾರ್ಗೆಟ್ ಮುಂದೆ ಪೋಸ್ಟರ್ ಎಲ್ಲಿ ನಿಲ್ಲುತ್ತೆ.

ಅಪ್ರೈಸಲ್ ಮುಟ್ಟಿ ಅಂತ ಕನ್ಸಲ್ಟೆಂಟಿಗೆ ಹೇಳಿದ್ರೆ ‘ಅದು ನಮ್ಮ ಸ್ಕೋಪಲ್ಲಿ ಇಲ್ಲ’ ಅಂದ್ರು. ನನ್ನ ದೊಡ್ಡ ತಕರಾರು ಇದೇ. ಅಪ್ರೈಸಲ್, ಬೋನಸ್, ಪ್ರಮೋಷನ್, ಈ ಮೂರೂ ಸ್ಕೋಪಿನ ಆಚೆ ಇಟ್ಟು ಕಲ್ಚರ್ ಬದಲಾಯಿಸ್ತೀವಿ ಅನ್ನೋರಿಗೆ ಸೈನ್ ಮಾಡೋ ಮುಂಚೆ ಎರಡು ಸಲ ಯೋಚ್ನೆ ಮಾಡಿ.

ಆ್ಯಪ್ ಬಗ್ಗೆ ಒಂದೇ ಸಾಲು: ವಾರಕ್ಕೊಂದ್ಸಲ ‘ಇವತ್ತು ಹೇಗನಿಸ್ತಿದೆ’ ಅಂತ ಮುಖದ ಚಿತ್ರ ತೋರಿಸಿ ಕೇಳುತ್ತೆ, ಎಲ್ರೂ ನಗೋ ಮುಖ ಒತ್ತಿ ಕ್ಲೋಸ್ ಮಾಡ್ತಾರೆ.

ಹಾಗಾದ್ರೆ ಯಾರು ತಗೋಬಹುದು? ಎರಡು ಕಂಪನಿ ಸೇರಿ ಗೊಂದಲ ಇರೋರು, ಒಳಗಿನವರು ಒಳಗಿನವರಿಗೆ ನಿಜ ಹೇಳೋಕಾಗದ ಸ್ಥಿತೀಲಿ ಇರೋರು, ಮೊದಲ ಹಂತ ಮಾತ್ರ ತಗೊಳಿ, ಹೊರಗಿನ ಕಣ್ಣು ಬೇಕಾಗುತ್ತೆ. ಇಂಟರ್‌ವ್ಯೂ ಮಾಡೋ ಟೀಮೇ ಕೊನೇವರೆಗೂ ಇರುತ್ತಾ ಅಂತ ಕೇಳಿ, ನಮ್ಮಲ್ಲಿ ಒಳ್ಳೇ ಟೀಮ್ ರಿಪೋರ್ಟ್ ಕೊಟ್ಟು ಹೊರಟೋಯ್ತು. ಮತ್ತೆ ನಿಮ್ಮ ಎಂಡಿ ಒಂದು ಕೆಟ್ಟ ಸುದ್ದಿ ಕೇಳಿ ಸುಮ್ನೆ ಕೂರೋಕೆ ತಯಾರಿಲ್ಲ ಅಂದ್ರೆ ಅದೂ ಬೇಡ, ಆ ದುಡ್ಡಲ್ಲಿ ಒಂದು ಮೆಷೀನ್ ತಗೊಳಿ.

ಈಗ ಎರಡನೇ ಫೇಸ್‌ಗೆ ಪ್ರಪೋಸಲ್ ಕಳ್ಸಿದಾರೆ, ಆ್ಯಪ್ ರಿನ್ಯೂವಲ್ಲು, ವರ್ಕ್‌ಶಾಪು ಇನ್ನೊಂದು ರೌಂಡು. ಎಚ್‌ಆರ್ ನನ್ನ ಅಭಿಪ್ರಾಯ ಕೇಳಿದ್ರು, ಅವೆರಡೂ ಬೇಡ, ಆ ಮೊದಲ ಟೀಮ್ ಮತ್ತೊಮ್ಮೆ ಬಂದು ಅದೇ ಮೀಟಿಂಗುಗಳಲ್ಲಿ ಕೂತು ಏನು ಬದಲಾಗಿದೆ ಏನಿಲ್ಲ ಅಂತ ಬರೆದು ಕೊಡ್ತಾರಾ ಕೇಳಿ ಅಂದೆ. ಅದನ್ನ ಬಿಡಿಯಾಗಿ ಕೊಡಲ್ಲ, ಪ್ಯಾಕೇಜ್ ಜೊತೆ ಮಾತ್ರ ಅಂತ ಉತ್ತರ ಬಂದಿದೆ. ಬಿಡಿಯಾಗಿ ಮಾಡಿಕೊಡೋರು ಯಾರಾದ್ರೂ ಗೊತ್ತಿದ್ರೆ ಹೇಳಿ, ನಮ್ಮ ಹೆಡ್ ಹುಡುಕ್ತಿದಾರೆ.