ಪಿಎಚ್‌ಸಿಲಿ ಪುಕ್ಕಟೆ ಕೊಡೋ ಕೆಂಪು ಐರನ್ ಮಾತ್ರೆ: ಕೆಲಸ ಮಾಡುತ್ತೆ, ಟೀ ಜೊತೆ ಮಾತ್ರ ಬೇಡ

ಆಶಾ ಅಕ್ಕ ಮನೆ ಬಾಗ್ಲಿಗೇ ತಂದು ಕೊಡೋ ಕೆಂಪು ಮಾತ್ರೆ ಗೊತ್ತಲ್ಲ, ಸ್ಟ್ರಿಪ್ ಹಿಂದೆ ಮಾರಾಟಕ್ಕಲ್ಲ ಅಂತ ಪ್ರಿಂಟ್ ಆಗಿರುತ್ತೆ, ಅರ್ಧ ಜನ ಇಸ್ಕೊಂಡು ಫ್ರಿಜ್ ಮೇಲೆ ಇಟ್ಟು ಮರೆತುಬಿಡ್ತಾರೆ, ಅದರ ರಿವ್ಯೂ ಇದು. ಒಂದು ಮಾತ್ರೇಲಿ 60 ಎಂಜಿ ಐರನ್, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್. 2018ರಲ್ಲಿ ಅನೀಮಿಯಾ ಮುಕ್ತ ಭಾರತ ಅಂತ ಶುರುವಾಯ್ತಲ್ಲ, ಅದರಲ್ಲಿ ದೊಡ್ಡವರಿಗೆ ಕೆಂಪು, ಹೈಸ್ಕೂಲ್ ಮಕ್ಕಳಿಗೆ ನೀಲಿ, ಪ್ರೈಮರಿ ಸ್ಕೂಲ್ ಮಕ್ಕಳಿಗೆ ಪಿಂಕ್ ಅಂತ ಮಾಡಿದ್ದಾರೆ.

ನಂಗೆ ಹಿಮೋಗ್ಲೋಬಿನ್ 8.6 ಇತ್ತು. ಹೆಂಗಸರಿಗೆ 12 ಇರ್ಬೇಕು, ಬಸುರಿ ಆದ್ರೆ 11. ಸುಸ್ತು, ಮೆಟ್ಟಿಲು ಹತ್ತಿದ್ರೆ ಏದುಸಿರು, ಅದೆಲ್ಲ ಎಲ್ಲರೂ ಹೇಳೋದೇ, ನನ್ನ ಕೇಸಲ್ಲಿ ವಿಚಿತ್ರ ಅಂದ್ರೆ ಹಸಿ ಅಕ್ಕಿ ಬಾಯಾಡಿಸೋ ಚಪಲ. ಡಬ್ಬ ತೆಗ್ದು ಒಂದು ಹಿಡಿ ಬಾಯಿಗೆ ಹಾಕ್ಕೊಂಡು ಕಟುಕುಟು ಅಂತ ತಿಂತಾ ಇದ್ದೆ, ಅತ್ತೆ ನೋಡಿ ಹುಳ ಆಗಿರ್ಬೇಕು ಕಣೇ ಅಂದ್ರು. ಪಿಎಚ್‌ಸಿ ಡಾಕ್ಟ್ರು ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ಅಕ್ಕಿ ತಿಂತೀರಾ ಬಳಪ ತಿಂತೀರಾ ಅಂತ ಅವರಾಗೇ ಕೇಳಿದ್ರು! ಐರನ್ ಕಮ್ಮಿ ಆದವರಿಗೆ ಈ ಚಪಲ ಇರುತ್ತಂತೆ.

ಮಾತ್ರೆಗಿಂತ ಮುಂಚೆ ಟೆಸ್ಟ್ ವಿಷಯ ಹೇಳ್ಬೇಕು, ಯಾಕಂದ್ರೆ ಮೆಡಿಕಲ್ ಸ್ಟೋರ್ ಒಂದರಲ್ಲಿ ರಕ್ತ ಕಮ್ಮಿ ಅಂದ ತಕ್ಷಣ ಏನೂ ಕೇಳದೆ ನಂಗೆ ಟಾನಿಕ್ ಬಾಟ್ಲಿ ಕೊಟ್ಟಿದ್ರು. ರಕ್ತ ಕಮ್ಮಿ ಅನ್ನೋದು ಒಂದೇ ಕಾಯಿಲೆ ಅಲ್ಲ ಸ್ವಾಮಿ. ಸಿಬಿಸಿ ಅಂದ್ರೆ ರಕ್ತ ಕಣ ಎಣಿಸೋ ಟೆಸ್ಟು, ಅದರ ರಿಪೋರ್ಟಲ್ಲಿ ಹಿಮೋಗ್ಲೋಬಿನ್ ಒಂದನ್ನೇ ನೋಡ್ಬೇಡಿ, ಕೆಳಗೆ ಎಂಸಿವಿ ಅಂತ ಇರುತ್ತೆ, ಅದು ಕೆಂಪು ಕಣದ ಸೈಜು, 80ರಿಂದ 100 ನಾರ್ಮಲ್. ನಂದು 68, ಅಂದ್ರೆ ಕಣ ಸಣ್ಣದಾಗಿದೆ, ಐರನ್ ಕಮ್ಮಿ ಇರೋ ಚಾನ್ಸ್ ಜಾಸ್ತಿ. 100 ದಾಟಿದ್ರೆ ವಿಟಮಿನ್ ಬಿ12 ಅಥವಾ ಫೋಲಿಕ್ ಆಸಿಡ್ ಕಡೆ ನೋಡ್ಬೇಕು, ಬಿ12 ಕಮ್ಮಿ ಇದ್ರೆ ಈ ಕೆಂಪು ಮಾತ್ರೆ ಎಷ್ಟು ನುಂಗಿದ್ರೂ ಅದು ಸರಿ ಹೋಗಲ್ಲ. ಇನ್ನು ಥಲಸ್ಸೇಮಿಯಾ ಮೈನರ್ ಅಂತ ಹುಟ್ಟಿನಿಂದ ಬರೋ ರಕ್ತದ ತೊಂದ್ರೆ ಇರೋರಿಗೂ ಕಣ ಸಣ್ಣಗೇ ಇರುತ್ತೆ ಆದ್ರೆ ಐರನ್ ಕಮ್ಮಿ ಇರ್ಲೇಬೇಕು ಅಂತಿಲ್ಲ, ಅದಕ್ಕೇ ಮೈಯಲ್ಲಿ ಐರನ್ ಸ್ಟಾಕ್ ಎಷ್ಟಿದೆ ಅಂತ ತೋರ್ಸೋ ಫೆರಿಟಿನ್ ಟೆಸ್ಟ್ ಮಾಡ್ಸೋದು. ನಂದು ಫೆರಿಟಿನ್ 6 ಬಂತು, ತುಂಬಾ ಕಮ್ಮಿ, ಐರನ್ನೇ ಇಲ್ಲ ಅಂತ ಡೌಟ್ ಕ್ಲಿಯರ್. ಆ ಟೆಸ್ಟ್ ಪಿಎಚ್‌ಸಿಲಿ ಇರ್ಲಿಲ್ಲ, ಹೊರಗಡೆ ದುಡ್ಡು ಕೊಟ್ಟು ಮಾಡಿಸ್ದೆ.

ಈಗ ಮಾತ್ರೆ. ಕಟ್ ಮಾಡಿದ ತಕ್ಷಣ ತುಕ್ಕು ವಾಸನೆ, ನೀರು ಕುಡಿದ ಮೇಲೂ ಬಾಯಲ್ಲಿ ಕಬ್ಬಿಣದ ರುಚಿ ಉಳಿಯುತ್ತೆ. ಮಲ ಕಪ್ಪಗಾಗುತ್ತೆ, ಅದು ನಾರ್ಮಲ್, ಮೊದ್ಲೇ ಹೇಳಿದ್ರೆ ಎಷ್ಟು ಜನ ಹೆದರಿ ನಿಲ್ಸೋದು ತಪ್ಪುತ್ತೆ. ನಂಗೆ ಹೊಟ್ಟೆ ಉರಿ, ಮಲಬದ್ಧತೆ ಎರಡೂ ಆಯ್ತು. ವಾಪಸ್ ಹೋಗಿ ಕೇಳಿದ್ದಕ್ಕೆ ಡಾಕ್ಟ್ರು ದಿನ ಬಿಟ್ಟು ದಿನ ತಗೊಳ್ಳಿ ಅಂದ್ರು, ಒಂದು ಡೋಸ್ ಒಳಗೆ ಹೋದ್ಮೇಲೆ ಹೆಪ್ಸಿಡಿನ್ ಅನ್ನೋ ಹಾರ್ಮೋನ್ ಏರಿ ಮಾರನೇ ದಿನ ಕರುಳು ಐರನ್ನನ್ನ ಅಷ್ಟಾಗಿ ಹೀರ್ಕೊಳ್ಳಲ್ವಂತೆ, ಹಂಗಾಗಿ ಮಧ್ಯೆ ಒಂದು ದಿನ ಬಿಟ್ರೆ ಅಂಥ ನಷ್ಟ ಏನಿಲ್ಲ. ಆಮೇಲೆ ತೊಂದ್ರೆ ಕಮ್ಮಿ ಆಯ್ತು.

ಟೀ ಕಾಫಿ ಮಾತ್ರ ಇದರ ಹತ್ರ ಸುಳಿಬಾರ್ದು, ಐರನ್ ಹೀರ್ಕೊಳ್ಳೋದನ್ನ ತಡೆಯುತ್ತೆ. ನಮ್ಮ ಮನೇಲಿ ಬೆಳಗ್ಗೆ ತಿಂಡಿ, ಕಾಫಿ, ಮಾತ್ರೆ ಎಲ್ಲ ಒಟ್ಟಿಗೆ ನಡೆಯೋ ಪದ್ಧತಿ, ಓರಗಿತ್ತಿಗೆ ಹಿಂದೆ ಮಾತ್ರೆ ನಾಟ್ಲಿಲ್ಲ ಅಂದಿದ್ದು ಇದಕ್ಕೇ ಇರ್ಬೇಕು. ಹಾಲು, ಕ್ಯಾಲ್ಸಿಯಂ ಮಾತ್ರೆ, ಗ್ಯಾಸ್ ಮಾತ್ರೆ ಕೂಡ ಅಡ್ಡ ಬರುತ್ತೆ. ನಾನು ಊಟಕ್ಕೆ ಒಂದು ಗಂಟೆ ಮುಂಚೆ ನಿಂಬೆ ಪಾನಕದ ಜೊತೆ ನುಂಗ್ತಿದ್ದೆ. ಮತ್ತೆ ಬೀಟ್‌ರೂಟ್ ಜ್ಯೂಸ್ ಕುಡಿ ಅಂತ ಸಲಹೆ ಕೊಡೋರಿಗೆ ನಮಸ್ಕಾರ, 100 ಗ್ರಾಂ ಬೀಟ್‌ರೂಟಲ್ಲಿ 1 ಎಂಜಿ ಐರನ್ ಕೂಡ ಇರಲ್ಲ, ಬಣ್ಣ ಮಾತ್ರ ಕೆಂಪು.

ರಿಸಲ್ಟ್ ಕೇಳಿದ್ರೆ, ಅಕ್ಕಿ ಚಪಲ ಮೊದ್ಲು ಹೋಯ್ತು, ಹಿಮೋಗ್ಲೋಬಿನ್ ನಂಬರ್ ಆಮೇಲೆ ಏರಿದ್ದು. ತಿಂಗಳ ಮೇಲೆ ಟೆಸ್ಟ್ ಮಾಡಿಸಿದಾಗ 10.4, ಆಮೇಲೆ 12.3. ನಾರ್ಮಲ್ ಬಂತು ಅಂತ ನಿಲ್ಲಿಸಂಗಿಲ್ಲ, ಮೈಯಲ್ಲಿ ಐರನ್ ಸ್ಟಾಕ್ ತುಂಬಕ್ಕೆ ಇನ್ನೂ ಮೂರು ತಿಂಗಳಾದ್ರೂ ಬೇಕಂತೆ. ಜೊತೆಗೆ ಡಾಕ್ಟ್ರು ಸ್ಕ್ಯಾನ್ ಬರೆದ್ರು, ನಲ್ಲಿ ಸೋರ್ತಿರುವಾಗ ಟ್ಯಾಂಕ್ ತುಂಬಿಸಿ ಏನಮ್ಮ ಪ್ರಯೋಜನ ಅಂತ. ಫೈಬ್ರಾಯ್ಡ್ ಅಂದ್ರೆ ಗರ್ಭಕೋಶದ ಗಡ್ಡೆ ಇತ್ತು, ಪೀರಿಯಡ್ಸಲ್ಲಿ ಅಷ್ಟು ಬ್ಲೀಡಿಂಗ್ ಆಗ್ತಿದ್ದಿದ್ದು ಅದರಿಂದ, ಅದಕ್ಕೆ ಬೇರೆ ಟ್ರೀಟ್‌ಮೆಂಟ್ ನಡೀತಿದೆ. ವಯಸ್ಸಾದ ಗಂಡಸರಿಗೆ ಐರನ್ ಕಮ್ಮಿ ಬಂದ್ರಂತೂ ಹೊಟ್ಟೆ ಕರುಳಲ್ಲಿ ರಕ್ತ ಹೋಗ್ತಿದೆಯಾ ಅಂತ ಎಂಡೋಸ್ಕೋಪಿ, ಕೊಲೊನೋಸ್ಕೋಪಿ ಮಾಡಿ ನೋಡ್ತಾರೆ, ಅದನ್ನ ತಪ್ಪಿಸ್ಕೊಂಡು ಬರೀ ಮಾತ್ರೆ ನುಂಗ್ತಾ ಕೂರಂಗಿಲ್ಲ.

ನನ್ನ ಫ್ರೆಂಡ್ ಒಬ್ಬಳಿಗೆ ಮಾತ್ರೆ ತಡೆಯಕ್ಕಾಗದೆ ವಾಂತಿ ಆಗ್ತಿತ್ತು, ಅವಳಿಗೆ ಎಫ್‌ಸಿಎಂ ಅಂತ ನರಕ್ಕೇ ಐರನ್ ಕೊಡೋ ಡ್ರಿಪ್ ಹಾಕಿದ್ರು. ಒಂದೇ ಸಲಕ್ಕೆ 1000 ಎಂಜಿವರೆಗೂ ಹಾಕಬಹುದು, ಬೇಗ ಮುಗಿಯುತ್ತೆ, ಆದ್ರೆ ಆಸ್ಪತ್ರೇಲೇ ಹಾಕಿಸ್ಕೋಬೇಕು, ಬಿಲ್ ಕೂಡ ದಪ್ಪ. ಮಾತ್ರೆ ಒಗ್ಗೋರಿಗೆ ಡಾಕ್ಟ್ರು ಬೇಕು ಅನ್ನದೇ ಇದ್ರೆ ಅದರ ಅಗತ್ಯ ಇಲ್ಲ ಅನ್ಸುತ್ತೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 5ರ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 47.8% ಜನಕ್ಕೆ ರಕ್ತ ಕಮ್ಮಿ. ಇಷ್ಟು ಜನಕ್ಕೆ ಬೇಕಾಗಿರೋ ವಸ್ತುವಿಗೆ ಒಂದು ಚೀಟಿನಾದ್ರೂ ಬೇಡ್ವಾ, ಕಾಫಿ ಜೊತೆ ಬೇಡ, ಮಲ ಕಪ್ಪಗಾಗುತ್ತೆ ಅಂತ ಕನ್ನಡದಲ್ಲಿ ಎರಡು ಸಾಲು ಹಾಕಿದ್ರೆ ಸಾಕಿತ್ತು. ನಂಗೆ ಸಿಕ್ಕಿದ್ದರಲ್ಲಿ ಅದಿರ್ಲಿಲ್ಲ, ಅದಕ್ಕೇ ಒಂದು ಸ್ಟಾರ್ ಕಟ್, 5ಕ್ಕೆ 4. ಮನೇಲಿ ಚಿಕ್ಕ ಮಕ್ಕಳಿದ್ರೆ ಮೇಲಿನ ಶೆಲ್ಫಲ್ಲಿ ಇಡಿ, ಕೆಂಪಗೆ ಹೊಳೆಯೋದ್ರಿಂದ ಪೆಪ್ಪರ್‌ಮೆಂಟ್ ಅಂತ ನುಂಗಿಬಿಡ್ತಾವೆ, ಐರನ್ ಓವರ್‌ಡೋಸ್ ಆದ್ರೆ ಮಕ್ಕಳ ಪ್ರಾಣಕ್ಕೇ ಅಪಾಯ.