ಮಗುವಿನ ಕೈಗೆ ಯಾವುದು, ದಸರಾ ಮೆಟ್ಟಿಲಿಗೆ ಯಾವುದು: ಚನ್ನಪಟ್ಟಣ, ಕಿನ್ನಾಳ, ಕೊಂಡಪಲ್ಲಿ

ಮದುವೆಯಲ್ಲಿ ಅಮ್ಮ ಕೊಟ್ಟ ಪಟ್ಟದ ಗೊಂಬೆಗಳ ಜೋಡಿಯಿಂದ ನಮ್ಮ ಮನೆಯಲ್ಲಿ ಗೊಂಬೆ ಕೂರಿಸುವುದು ಶುರುವಾಯಿತು. ಮೂರು ಮೆಟ್ಟಿಲು ಈಗ ಏಳಾಗಿದೆ. ಮಗಳು ಹುಟ್ಟಿದ ಮೇಲೆ ಗೊಂಬೆಗಳಿಗೆ ಕೆಲಸವೂ ಎರಡಾಯಿತು: ನವರಾತ್ರಿಯಲ್ಲಿ ಕೂರಬೇಕು, ಉಳಿದ ದಿನ ಅವಳ ಕೈಯಲ್ಲಿ ಬಾಳಬೇಕು. ಹಾಗಾಗಿ ಚನ್ನಪಟ್ಟಣ, ಕಿನ್ನಾಳ, ಕೊಂಡಪಲ್ಲಿ, ಈ ಮೂರೂ ಊರಿನ ಮರದ ಗೊಂಬೆಗಳನ್ನು ತಂದು, ಆರು ವರ್ಷ ನೋಡಿದ್ದೇನೆ.

ಮೊದಲು ಬಂದಿದ್ದು ಚನ್ನಪಟ್ಟಣದ ರಾಜ ರಾಣಿ. ಮಗಳಿಗೆ ಹಲ್ಲು ಬರುವ ಕಾಲ. ರಾಣಿಯ ತಲೆ ಇಡೀ ದಿನ ಅವಳ ಬಾಯಲ್ಲೇ. ಒಂದು ಚೂರು ಬಣ್ಣ ಎದ್ದಿಲ್ಲ. ಕಾರಣ ಆಮೇಲೆ ಕಾರ್ಖಾನೆಯಲ್ಲಿ ಕಣ್ಣಾರೆ ಕಂಡೆ: ಲೇತ್ ಮೇಲೆ ಗಿರ್ರನೆ ತಿರುಗುವ ಆಲೆ ಮರಕ್ಕೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಕೂರುತ್ತದೆ. ಮೇಲೆ ತಾಳೆಗರಿ ಒತ್ತಿದರೆ ಆ ಕನ್ನಡಿ ಹೊಳಪು. ಈ ಬಣ್ಣಕ್ಕೆ ಕುಂಚ ಬೇಡ. ಈ ಗೊಂಬೆಗಳಿಗೆ ಕೈಕಾಲು ಬಿಡಿಬಿಡಿಯಾಗಿ ಇಲ್ಲದಿರುವುದಕ್ಕೂ ಲೇತೇ ಕಾರಣ. ತಿರುಗುವ ಮರದಲ್ಲಿ ಮೂಡುವುದೆಲ್ಲ ದುಂಡು. ಮೂಲೆಯಿಲ್ಲದ ಆ ದುಂಡೇ ಮಗುವಿನ ಮುಷ್ಟಿಗೆ ಹೇಳಿ ಮಾಡಿಸಿದ್ದು. ಟಿಪ್ಪು ಸುಲ್ತಾನ್ ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿ ಈ ಕಲೆ ಕಲಿಸಿದ ಎಂಬ ಮಾತು ಊರಿನಲ್ಲಿ ಇಂದಿಗೂ ಇದೆ.

ಒಂದು ಎಚ್ಚರಿಕೆ. ಹೆದ್ದಾರಿ ಬದಿಯ ಅಂಗಡಿಯೊಂದರಲ್ಲಿ 'ಚನ್ನಪಟ್ಟಣದ್ದೇ' ಎಂದು ಕೊಟ್ಟ ಗಿಲಕಿ ವಾರದಲ್ಲೇ ಸಿಪ್ಪೆ ಬಿಟ್ಟಿತು, ಮಗಳ ತುಟಿಗೆ ಕೆಂಪು ಚೂರು ಅಂಟಿತ್ತು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅದು ಎನಾಮೆಲ್ ಬಣ್ಣ. ಈಗ ಕೊಳ್ಳುವ ಮುಂಚೆ ಮೂಸಿ ನೋಡುತ್ತೇನೆ, ಎರಡು ಬಣ್ಣ ಸೇರುವಲ್ಲಿ ಉಗುರು ಆಡಿಸುತ್ತೇನೆ. ಪೇಂಟಿನ ವಾಸನೆ ಬಂದರೆ, ಪದರ ಎದ್ದರೆ ಬೇಡ. ಅಸಲಿಗೂ ಬಿಸಿನೀರು ಆಗದು. ಒಮ್ಮೆ ತೊಳೆದಿದ್ದಕ್ಕೆ ರಾಜನ ಕಿರೀಟದ ಹೊಳಪು ಮಸುಕಾಗಿ ಬಿಳಿಚಿತು. ಒಣ ಹತ್ತಿಬಟ್ಟೆ ಸಾಕು.

ಕಿನ್ನಾಳದ ಕಾಮಧೇನುವಿನ ಮುಂದೆ ನಿಂತಾಗ ಮಾತ್ರ ಬೇರೆ ಎಲ್ಲವೂ ಮರೆಯುತ್ತದೆ. ಕೊಪ್ಪಳ ಜಿಲ್ಲೆಯ ಈ ಊರಿನ ಚಿತ್ರಗಾರರು ಹಗುರ ಮರವನ್ನು ಕೆತ್ತಿ, ಸಂದುಗಳನ್ನು ಹುಣಸೆಬೀಜದ ಅಂಟು, ಮರದ ಪುಡಿಯಿಂದ ತುಂಬಿ, ಬಿಳಿ ಹಚ್ಚಿ, ಕೊನೆಗೆ ಬಣ್ಣ ಬರೆಯುತ್ತಾರೆ. ನಮ್ಮ ಕಾಮಧೇನುವಿನ ಕಣ್ಣಿನ ಅಂಚಿನಲ್ಲಿ ಕೂದಲೆಳೆಯಷ್ಟು ಸಣ್ಣ ಕಪ್ಪು ಗೆರೆ. ರೆಕ್ಕೆಯ ಒಂದೊಂದು ಗರಿಗೂ ಬೇರೆ ಬೇರೆ ಗೀಟು. ಹಂಪಿಯ ವಿರೂಪಾಕ್ಷ ದೇವಸ್ಥಾನದ ಚಿತ್ರಗಳನ್ನು ಬರೆದವರು ಇವರ ಪೂರ್ವಜರೇ ಎಂದು ನಂಬಿಕೆ. ಆ ಕಣ್ಣು ನೋಡಿದ ಮೇಲೆ ನಾನೂ ನಂಬುತ್ತೇನೆ. ಆದರೆ ಮಗುವಿನ ಕೈಗೆ ಖಂಡಿತ ಬೇಡ. ಮಗಳು ಬಾಲ ಹಿಡಿದೆತ್ತಿದಾಗ ಕಿವಿ ನೆಲಕ್ಕೆ ಬಡಿದು ಮುರಿಯಿತು. ಒದ್ದೆ ಬಟ್ಟೆ ತಗುಲಿದಲ್ಲಿ ಬಣ್ಣ ಕದಡಿತು. ಬೆಲೆಯೂ ಚನ್ನಪಟ್ಟಣದ್ದಕ್ಕಿಂತ ಬಹಳ ಹೆಚ್ಚು, ಕೈಕೆಲಸ ನೋಡಿದರೆ ಅದು ನ್ಯಾಯವೇ.

ಕೊಂಡಪಲ್ಲಿ ವಿಜಯವಾಡದ ಪಕ್ಕದ್ದು. ಅಲ್ಲಿನ ಪೊಣಿಕಿ ಮರವೂ ಹಗುರ. ಕೈ, ಕಾಲು, ಸೊಂಡಿಲು ಬೇರೆ ಬೇರೆ ಕೆತ್ತಿ ಅಂಟಿಸುವುದರಿಂದ ಕುಟ್ಟುವವಳು, ಬೀಸುವವಳು, ಮರ ಹತ್ತುವವನು ಎಲ್ಲ ಸಾಧ್ಯ. ಮೆಟ್ಟಿಲ ಮೇಲೆ ಹಳ್ಳಿಯ ದೃಶ್ಯ ಜೋಡಿಸಲು ಇದಕ್ಕೆ ಸಾಟಿಯಿಲ್ಲ. ಆದರೆ ನಮ್ಮ ತಾಳೆಮರದ ಎರಡು ಗರಿ ಎರಡನೇ ವರ್ಷವೇ ಉದುರಿದವು. ಮುಖಗಳೂ ಕಿನ್ನಾಳದಷ್ಟು ಮಾತಾಡುವುದಿಲ್ಲ.

ಒಂದೇ ಕೊಳ್ಳುವುದಾದರೆ, ಮಗುವಿರುವ ಮನೆಗೆ ಚನ್ನಪಟ್ಟಣ, ಎರಡು ಮಾತಿಲ್ಲ. ವರ್ಷಕ್ಕೊಂದು ಕೂಡಿಸುತ್ತ ಹೋಗುವವರು ಕಿನ್ನಾಳಕ್ಕೇ ಹೋಗಿ, ಚಿತ್ರಗಾರರ ಕೈಯಿಂದಲೇ ತನ್ನಿ. ನಾನು ಈ ಬಾರಿ ಕಿವಿ ಮುರಿದ ಕಾಮಧೇನುವನ್ನೂ ಅಲ್ಲಿಗೇ ಒಯ್ಯುತ್ತಿದ್ದೇನೆ, ಹಳೆಯ ಸೀರೆಯಲ್ಲಿ ಸುತ್ತಿ. ಮುರಿದ ಕಿವಿಯನ್ನು ಆರು ವರ್ಷದ ಮಗಳೇ ಬೆಂಕಿಪೆಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟಿದ್ದಾಳೆ.