ಅಮ್ಮನ ಫೋನಿಗೆ ಹಾಕ್ಕೊಟ್ಟ ಫ್ರೀ ಸಾಲಿಟೇರ್ ಆಪ್, 5ಕ್ಕೆ 3 ಸ್ಟಾರ್

ಅಮ್ಮಂಗೆ ಮಂಡಿ ಆಪರೇಷನ್ ಆಗಿ ಮನೇಲೇ ಕೂತಿರ್ಬೇಕಾಗಿತ್ತು, ಟೈಮ್ ಪಾಸ್ ಆಗ್ಲಿ ಅಂತ ಒಂದು ಫ್ರೀ ಸಾಲಿಟೇರ್ ಆಪ್ ಹಾಕ್ಕೊಟ್ಟೆ. ಹೆಸರು ಬೇಡ ಬಿಡಿ, ಇಂಥವು ಬೇಕಾದಷ್ಟಿವೆ. ಅಮ್ಮ ರಮ್ಮೀಲಿ ಎತ್ತಿದ ಕೈ, ಮೊದಲು "ಎದುರಿಗೆ ಜನಾನೇ ಇಲ್ದೆ ಅದೇನ್ ಇಸ್ಪೀಟೋ" ಅಂದ್ರು.

ಆಟ ಹಳೇದೇ, 1990ರಲ್ಲಿ ವಿಂಡೋಸ್ 3.0 ಜೊತೆ ಬಂತಲ್ಲ, ಗೆದ್ರೆ ಎಲೆಗಳೆಲ್ಲ ಪುಟಿದು ಪುಟಿದು ಬೀಳ್ತಿದ್ವು, ಅದೇ ಕ್ಲೊಂಡೈಕ್ ಅನ್ನೋ ಬಗೆಯ ಸಾಲಿಟೇರ್. ಆಪಲ್ಲಿ ಕಲಿಸೋ ಸ್ಕ್ರೀನ್ ಇದೆ ಆದ್ರೆ ಬರೀ ಇಂಗ್ಲಿಷು, ಹಂಗಾಗಿ ನಾನೇ ಹೇಳ್ಕೊಟ್ಟೆ: ಏಳು ಸಾಲು, ಮೊದಲನೇದ್ರಲ್ಲಿ 1 ಎಲೆ, ಏಳನೇದ್ರಲ್ಲಿ 7, ಒಟ್ಟು 28, ಪ್ರತಿ ಸಾಲಲ್ಲೂ ಕೊನೇದು ಮಾತ್ರ ಕಾಣ್ಸತ್ತೆ, ಮಿಕ್ಕ 24 ಕಟ್ಟಲ್ಲಿ. ಕಪ್ಪು 9ರ ಮೇಲೆ ಕೆಂಪು 8, ಅದ್ರ ಮೇಲೆ ಕಪ್ಪು 7, ಹಿಂಗೆ ಇಳೀತಾ ಹೋಗ್ಬೇಕು. ಎಕ್ಕ ಸಿಕ್ರೆ ಮೇಲಿನ ಮನೆಗೆ, ಅಲ್ಲಿ ಆಟೀನ್ ಮೇಲೆ ಆಟೀನೇ, ಇಸ್ಪೀಟ್ ಮೇಲೆ ಇಸ್ಪೀಟೇ, ರಾಜನ ತನಕ. ಸಾಲು ಖಾಲಿ ಆದ್ರೆ ಅಲ್ಲಿಗೆ ರಾಜ ಮಾತ್ರ. ಅದಕ್ಕೇ ಕೈಯಲ್ಲಿ ರಾಜ ಇಲ್ದೆ ಸಾಲು ಖಾಲಿ ಮಾಡಿ ಏನೂ ಲಾಭ ಇಲ್ಲ, ಅದ್ರ ಬದಲು ಕವುಚಿರೋ ಎಲೆ ಜಾಸ್ತಿ ಇರೋ ಸಾಲನ್ನ ಮೊದಲು ಬಿಚ್ಚಿ.

ಆಪಿನ ಹಿಂಟ್ ಬಟನ್ ನಂಬ್ಬೇಡಿ. ಅದು ನಡೆಸಬಹುದಾದ ಯಾವ್ದೋ ಒಂದು ಎಲೆ ತೋರಿಸತ್ತೆ ಅಷ್ಟೇ, ಅದರಿಂದ ಮುಂದೆ ಕೆಲಸ ಕೆಡತ್ತಾ ಇಲ್ವಾ ಅಂತ ನೋಡಲ್ಲ. ಒಳ್ಳೇದು ಅಂದ್ರೆ ನಡೆಸಿದ ಎಲೆ ವಾಪಸ್ ತಗೊಳ್ಳೋ ಅಂಡೂ (undo) ಬಟನ್ ಎಷ್ಟ್ ಸಲ ಬೇಕಾದ್ರೂ ಒತ್ಬಹುದು, ಎಲೆ ದಪ್ಪ ಅಕ್ಷರದಲ್ಲಿದೆ, ಕನ್ನಡಕ ಹುಡುಕ್ಬೇಕಿಲ್ಲ, ಮತ್ತೆ ಕಟ್ಟಿಂದ ಒಂದೊಂದೇ ಎಲೆ ತೆಗೆಯೋದಾ ಮೂರ್ ಮೂರಾ ಅಂತ ಆರಿಸ್ಕೋಬಹುದು. ಮೂರರದ್ದೇ ಮಜಾ. ಮೂರರಲ್ಲಿ ಮೇಲಿಂದು ಮಾತ್ರ ಸಿಗತ್ತೆ, ಅದನ್ನ ಎತ್ಕೊಂಡ್ರೆ ಮುಂದಿನ ಸುತ್ತಲ್ಲಿ ಅದರಾಚೆಗಿನ ಜೋಡಣೆ ಎಲ್ಲಾ ಜರುಗಿ ಬೇರೆ ಎಲೆ ಮೇಲೆ ಬರತ್ತೆ. ಇದನ್ನ ನಾನ್ ಹೇಳ್ಲಿಲ್ಲ, ಅಮ್ಮನೇ ನಾಲ್ಕನೇ ದಿನ ಕಂಡು ಹಿಡಿದು "ಬೇಕಂತಲೇ ಒಂದು ಎಲೆ ಬಿಟ್ಟೆ ನೋಡು" ಅಂದ್ರು, ರಮ್ಮಿ ಆಡಿದ ಕೈ ಅಲ್ವಾ!

ಎರಡು ಸ್ಟಾರ್ ಕಟ್ ಮಾಡಿದ್ದು ಜಾಹೀರಾತಿಗೆ. ಒಂದಾಟ ಮುಗೀತಿದ್ದಂಗೆ 30 ಸೆಕೆಂಡ್ ವಿಡಿಯೋ, ಮುಚ್ಚೋ ಗುರುತು ಸಾಸಿವೆ ಕಾಳಷ್ಟು, ಅದನ್ನ ಒತ್ತಕ್ ಹೋಗಿ ಅಮ್ಮ ಎರಡ್ ಸಲ ದುಡ್ಡಿನ ಆಟದ ಪೇಜಿಗೆ ಹೋಗ್ಬಿಟ್ಟಿದ್ರು. ವಯಸ್ಸಾದವ್ರ ಫೋನಿಗೆ ಹಾಕೋ ಮುಂಚೆ ಇದನ್ನ ನೋಡ್ಕೊಳ್ಳಿ. ಡೇಟಾ, ವೈಫೈ ಎರಡೂ ಆಫ್ ಮಾಡಿದ್ರೆ ಜಾಹೀರಾತು ಬರಲ್ಲ, ಆಟ ನಡೆಯತ್ತೆ. ಅಮ್ಮಂಗೆ ಅದನ್ನೇ ಹೇಳ್ಕೊಟ್ಟೆ, ಈಗ ಮಧ್ಯಾಹ್ನ ಊಟ ಆದ್ಮೇಲೆ ನಾಲ್ಕು ಗಂಟೆ ತನಕ ನಾನ್ ಕಳಿಸಿದ ವಾಟ್ಸಾಪ್‌ಗೆಲ್ಲ ಒಂದೇ ಟಿಕ್ಕು.